ಪ್ರಾಣ ಮತ್ತು ಆತ್ಮ: ಮನುಷ್ಯನ ಎರಡು ಭಾಗಗಳೋ, ಒಂದರದೇ ಎರಡು ಮುಖಗಳೋ?

ಕೇಳುಗ

ಮನುಷ್ಯನೆಂದರೆ ಶರೀರ, ಪ್ರಾಣ, ಆತ್ಮ ಎಂಬ ಮೂರರ ಕೂಟವೋ ಅಥವಾ ಶರೀರ ಮತ್ತು ಆತ್ಮ ಎಂಬ ಎರಡರದ್ದೋ? ಮೂರು ಅನ್ನುವವರು 1 ಥೆಸಲೊನೀಕ 5:23 (ಆತ್ಮ, ಪ್ರಾಣ, ಶರೀರ ಮೂರನ್ನೂ ಹೆಸರಿಸುವ ವಚನ) ಮತ್ತು ಇಬ್ರಿಯ 4:12 (ದೇವರ ವಾಕ್ಯ ಪ್ರಾಣ ಆತ್ಮಗಳನ್ನು ವಿಭಾಗಿಸುತ್ತದೆ ಎಂಬುದು) ತೆಗೆದು ತೋರಿಸುತ್ತಾರೆ. ಎರಡು ಅನ್ನುವವರು ಮತ್ತಾಯ 10:28 (ದೇಹವನ್ನು ಕೊಂದವರು ಆತ್ಮವನ್ನು ಕೊಲ್ಲಲಾರರು ಎಂಬುದು) ಹಿಡಿಯುತ್ತಾರೆ. ಆ ಮೂರು ವಚನಗಳನ್ನೇ ಎಳೆದಾಡುವುದು ಬೇಡ. ಮೂಲಭಾಷೆಯ ಪದಗಳು ಎಲ್ಲೆಲ್ಲಿ ಹೇಗೆ ಬಂದಿವೆ, ಸಭೆ ಕಾಲಕಾಲಕ್ಕೆ ಏನು ತೀರ್ಮಾನಿಸಿತು, ಕಲಿಸುವವರು ಎಲ್ಲಿ ಎಡವುತ್ತಾರೆ, ಇಷ್ಟು ಬೇಕು. ‘ಎರಡೂ ಒಂದೇ ಬಿಡಿ’ ಎಂಬ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ.

ಪದಕೋಶಿ

ಮೊದಲು ಪದಗಳ ಲೆಕ್ಕ. ಹೀಬ್ರೂ ಗ್ರಂಥದಲ್ಲಿ ನೆಫೆಷ್ (ಸಾಮಾನ್ಯವಾಗಿ ‘ಪ್ರಾಣ’) ಸುಮಾರು 750 ಸಲ, ರೂಅಖ್ (ಗಾಳಿ, ಉಸಿರು, ‘ಆತ್ಮ’) ಸುಮಾರು 380 ಸಲ ಬರುತ್ತದೆ. ನೆಶಮಾ (ಶ್ವಾಸ) ಎಂಬ ಮೂರನೆಯದೊಂದಿದೆ, 24 ಸಲ. ಅದನ್ನು ಎಲ್ಲರೂ ಮರೆಯುತ್ತಾರೆ, ಆದರೆ ಆದಿಕಾಂಡ 2:7ರ ‘ಜೀವಶ್ವಾಸ’ದಲ್ಲಿರುವುದು ಅದೇ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪ್ಸುಖೆ (ಪ್ರಾಣ) ನೂರು ಚಿಲ್ಲರೆ ಸಲ, ಪ್ನ್ಯೂಮ (ಆತ್ಮ) ಸುಮಾರು 380 ಸಲ. ಒಟ್ಟಾರೆ ನೆಫೆಷ್‌ಗೆ ಪ್ಸುಖೆ, ರೂಅಖ್‌ಗೆ ಪ್ನ್ಯೂಮ ಸಾಟಿ.

ನೆಫೆಷ್ ಅಂದ ಕೂಡಲೇ ದೇಹದೊಳಗೆ ಕೂತಿರುವ ಸೂಕ್ಷ್ಮ ವಸ್ತುವೊಂದನ್ನು ಕಲ್ಪಿಸಿಕೊಂಡರೆ ಹಳೆಯ ಒಡಂಬಡಿಕೆ ಅರ್ಥವಾಗುವುದಿಲ್ಲ. ಅದು ಮೂಲತಃ ಗಂಟಲು, ಉಸಿರಾಡುವ ಕೊರಳು. ಯೆಶಾಯ 5:14ರಲ್ಲಿ ಪಾತಾಳ ಅಗಲವಾಗಿ ತೆರೆಯುವುದು ತನ್ನ ನೆಫೆಷನ್ನು. ಕೀರ್ತನೆ 69:1ರಲ್ಲಿ ನೀರು ನೆಫೆಷ್ ಮುಟ್ಟಿದೆ, ಅಂದರೆ ಕುತ್ತಿಗೆ ಮಟ್ಟಕ್ಕೆ ಬಂದಿದೆ. ಅಲ್ಲಿಂದ ಹಸಿವು, ಆಸೆ, ಜೀವ, ‘ನಾನು’ ಎಂಬ ವ್ಯಕ್ತಿ, ಹೀಗೆ ಅರ್ಥ ಹಬ್ಬುತ್ತದೆ. ಯಾಜಕಕಾಂಡ 17:11ರಲ್ಲಿ ಶರೀರದ ನೆಫೆಷ್ ಇರುವುದು ರಕ್ತದಲ್ಲಿ. ಯಾಜಕಕಾಂಡ 21:11ರಲ್ಲಿ, ಅರಣ್ಯಕಾಂಡ 6:6ರಲ್ಲಿ ಅದೇ ಪದಕ್ಕೆ ‘ಸತ್ತ’ ಎಂಬ ವಿಶೇಷಣ ಸೇರಿ ಹೆಣ ಎಂದಾಗಿದೆ.

ಆದಿಕಾಂಡ 2:7ರ ವ್ಯಾಕರಣ ಗಮನಿಸಿ. ದೇವರು ಮಣ್ಣಿನ ಬೊಂಬೆಯೊಳಗೆ ನೆಫೆಷ್ ಹಾಕಲಿಲ್ಲ. ಊದಿದ್ದು ಶ್ವಾಸ. ಅದರಿಂದ ಮನುಷ್ಯನು ಜೀವಂತ ನೆಫೆಷ್ *ಆದನು*. ಕನ್ನಡ ಸತ್ಯವೇದ ಇಲ್ಲಿ ‘ಬದುಕುವ ಪ್ರಾಣಿಯಾದನು’ ಎಂದು ಹೇಳಿ ಮೂಲಕ್ಕೆ ಹತ್ತಿರವೇ ನಿಂತಿದೆ. ಆದಿಕಾಂಡ 1:20 ಮತ್ತು 1:24ರಲ್ಲಿ ಮೀನು, ದನ, ಹರಿದಾಡುವ ಜಂತುಗಳಿಗೂ ಇದೇ ಜೋಡಿಪದ ಇರುವುದರಿಂದ, ‘ನೆಫೆಷ್ ಮನುಷ್ಯನಿಗೆ ಮಾತ್ರ’ ಎಂಬ ವಾದ ಮೊದಲ ಅಧ್ಯಾಯದಲ್ಲೇ ಬಿದ್ದುಹೋಗುತ್ತದೆ.

ಕೇಳುಗ

ಹಾಗಾದರೆ ಮನುಷ್ಯನನ್ನು ಬೇರೆ ಮಾಡುವುದು ರೂಅಖ್ ಅನ್ನಬಹುದೇ? ಪ್ರಾಣಿಗಳಿಗೆ ಪ್ರಾಣ, ಮನುಷ್ಯನಿಗೆ ಪ್ರಾಣದ ಜೊತೆ ಆತ್ಮ ಎಂದು ಹಲವು ಕಡೆ ಕಲಿಸುತ್ತಾರೆ.

ಪದಕೋಶಿ

ಕಲಿಸುತ್ತಾರೆ, ಆದರೆ ಪದ ಒಪ್ಪುವುದಿಲ್ಲ. ಜಲಪ್ರಳಯದಲ್ಲಿ ಸತ್ತ ಜೀವಿಗಳ ಬಗ್ಗೆ ಆದಿಕಾಂಡ 7:22 ಹೇಳುವಾಗ ನೆಶಮಾ, ರೂಅಖ್ ಎರಡನ್ನೂ ಒಟ್ಟಿಗೆ ಬಳಸುತ್ತದೆ. ಅಲ್ಲಿ ಪಶುಪಕ್ಷಿಗಳೂ ಸೇರಿವೆ. ಪ್ರಸಂಗಿ 3:21 ಮೃಗದ ರೂಅಖ್ ಬಗ್ಗೆ ನೇರವಾಗಿಯೇ ಕೇಳುತ್ತದೆ. ಕೀರ್ತನೆ 104:29-30ರಲ್ಲಿ ಸಮುದ್ರದ ಜೀವಿಗಳು ಬದುಕುವುದೂ ಸಾಯುವುದೂ ರೂಅಖ್ ಮೇಲೆಯೇ ನಿಂತಿದೆ. ಬೈಬಲ್ ಮನುಷ್ಯನನ್ನು ಪ್ರತ್ಯೇಕಿಸುವುದು ಆದಿಕಾಂಡ 1:26-27ರ ‘ದೇವರ ಸ್ವರೂಪ’ ಎಂಬ ಮಾತಿನಿಂದ. ಆ ಸ್ವರೂಪ ಒಳಗಿನ ಯಾವುದೋ ಒಂದು ಅಂಗಕ್ಕೆ ಸೇರಿದ್ದು ಎಂದು ಅಲ್ಲಿ ಹೇಳಿಲ್ಲ.

ಮೂರೆಳೆ

ತ್ರಿಭಾಗದ, ಅಂದರೆ ಮನುಷ್ಯನಲ್ಲಿ ಮೂರು ಭಾಗ ಎಂಬ ವಾದದ, ಪರ ಒಬ್ಬರಾದರೂ ಗಟ್ಟಿಯಾಗಿ ಮಾತಾಡಬೇಕು. ವಾದದ ನಿಜವಾದ ಬಲ ಥೆಸಲೊನೀಕದ ವಚನದಲ್ಲಿಲ್ಲ, 1 ಕೊರಿಂಥ 2:14-15ರಲ್ಲಿದೆ. ಪೌಲ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾನೆ. ಒಬ್ಬ ಪ್ಸುಖಿಕೋಸ್, ಪ್ಸುಖೆಯಿಂದ ಬಂದ ಗುಣವಾಚಕ, ಕನ್ನಡದಲ್ಲಿ ‘ಪ್ರಾಕೃತ ಮನುಷ್ಯ’. ಇನ್ನೊಬ್ಬ ಪ್ನ್ಯೂಮತಿಕೋಸ್, ಆತ್ಮಿಕ ಮನುಷ್ಯ. ಮೊದಲನೆಯವನಿಗೆ ದೇವರಾತ್ಮನ ಸಂಗತಿಗಳು ಹುಚ್ಚುಮಾತಾಗಿ ಕಾಣುತ್ತವೆ. ಯೂದ 19ನೇ ವಚನದಲ್ಲಿ ‘ಪ್ಸುಖಿಕೋಯ್, ಪ್ನ್ಯೂಮ ಇಲ್ಲದವರು’ ಎಂದೇ ಇದೆ. ಯಾಕೋಬ 3:15ರಲ್ಲಿ ಭೂಸಂಬಂಧವಾದ, ದೆವ್ವಗಳಿಂದ ಬಂದ ಜ್ಞಾನದ ಸಾಲಿನಲ್ಲಿ ಪ್ಸುಖಿಕೆ ಕೂತಿದೆ. ಪ್ಸುಖೆ, ಪ್ನ್ಯೂಮ ಒಂದೇ ಆಗಿದ್ದರೆ ಈ ಎದುರುಬದುರು ಹುಟ್ಟುತ್ತಲೇ ಇರಲಿಲ್ಲ.

ಎರಡನೆಯದು 1 ಕೊರಿಂಥ 14:14. ‘ನನ್ನ ಆತ್ಮವು ಪ್ರಾರ್ಥಿಸುತ್ತದೆ, ಬುದ್ಧಿ ನಿಷ್ಫಲ’ ಎಂಬ ಅರ್ಥದ ಮಾತು. ಬುದ್ಧಿ ಸುಮ್ಮನಿರುವಾಗ ಕೆಲಸ ಮಾಡುವ ಇನ್ನೊಂದು ಒಳಗಿದೆ ಎಂದಾಯಿತಲ್ಲ. ಇದರ ಮೇಲೆ ಕಟ್ಟಿದ ಚೌಕಟ್ಟು ಇದು: ಶರೀರದಿಂದ ಲೋಕದ ಅರಿವು, ಪ್ರಾಣದಿಂದ ತನ್ನ ಅರಿವು, ಆತ್ಮದಿಂದ ದೇವರ ಅರಿವು. ಪ್ರಾಣದೊಳಗೆ ಮನಸ್ಸು, ಚಿತ್ತ, ಭಾವನೆ. ಆತ್ಮದೊಳಗೆ ಮನಸ್ಸಾಕ್ಷಿ, ಅಂತರ್ಬೋಧೆ, ದೇವರ ಸಹವಾಸ. ಇದನ್ನು ಇಷ್ಟು ಬಿಡಿಬಿಡಿಯಾಗಿ ಜಗತ್ತಿನಾದ್ಯಂತ ಹರಡಿದ್ದು ಚೀನಾದ ಬೋಧಕ ವಾಚ್‌ಮನ್ ನೀ 1928ರಲ್ಲಿ ಮುಗಿಸಿದ ಬರಹ. ಆದರೆ ಮೂಲ ಕಲ್ಪನೆ ಹಳೆಯದು. ಎರಡನೇ ಶತಮಾನದ ಐರೆನೇಯಸ್ ಪರಿಪೂರ್ಣ ಮನುಷ್ಯನಲ್ಲಿ ಮಾಂಸ, ಪ್ರಾಣ, ಆತ್ಮ ಮೂರನ್ನೂ ಹೇಳುತ್ತಾನೆ. ಲೂಥರ್ 1521ರಲ್ಲಿ ಮರಿಯಳ ಸ್ತುತಿಗೀತೆಗೆ ಬರೆದ ವ್ಯಾಖ್ಯಾನದಲ್ಲಿ ಮನುಷ್ಯನನ್ನು ಮೋಶೆಯ ಗುಡಾರಕ್ಕೆ ಹೋಲಿಸುತ್ತಾನೆ: ಬೆಳಕಿಲ್ಲದ ಅತಿಪವಿತ್ರ ಸ್ಥಾನ ಆತ್ಮ, ಅಲ್ಲಿ ದೇವರು ನಂಬಿಕೆಯಲ್ಲಿ ವಾಸಿಸುತ್ತಾನೆ. ಏಳು ದೀಪಗಳ ಪವಿತ್ರ ಸ್ಥಾನ ಪ್ರಾಣ, ಅಲ್ಲಿ ತಿಳಿವಳಿಕೆ. ಹೊರಗಿನ ಅಂಗಳ ಶರೀರ.

ಪದಕೋಶಿ

ಐರೆನೇಯಸನನ್ನು ಕರೆದರೆ ಪೂರ್ತಿ ಕರೆಯಬೇಕು. ಅವನ ಮೂರನೆಯದು ಬಹುಪಾಲು ಕಡೆ ಮನುಷ್ಯನಿಗೆ ಹುಟ್ಟಿನಿಂದ ಬಂದ ಭಾಗವಲ್ಲ, ದೇವರು ಕೊಡುವ ಆತ್ಮ. ಅದಿಲ್ಲದವನು ಅಪೂರ್ಣ ಎನ್ನುತ್ತಾನೆ. ಲೂಥರನೂ ಅಲ್ಲೇ, ಮಾಂಸ ಮತ್ತು ಆತ್ಮ ಎಂಬ ಇನ್ನೊಂದು ವಿಭಾಗ ಸ್ವಭಾವದ್ದಲ್ಲ, ಗುಣದ್ದು ಎಂದು ಎಚ್ಚರಿಸುತ್ತಾನೆ.

ನೀವು ಕೊಟ್ಟ ವಚನಗಳಿಗೂ ಅದೇ ಕೀಲಿಕೈ. 1 ಕೊರಿಂಥ 2ರಲ್ಲಿ 10ರಿಂದ 14ರ ತನಕ ಓದಿ: ಯಾರ ಪ್ನ್ಯೂಮ? ದೇವರಾತ್ಮ. ಹಾಗಾಗಿ ಪ್ನ್ಯೂಮತಿಕೋಸ್ ಅಂದರೆ ‘ತನ್ನೊಳಗಿನ ಆತ್ಮಭಾಗವನ್ನು ಚುರುಕುಗೊಳಿಸಿದವನು’ ಅಲ್ಲ, ‘ಪವಿತ್ರಾತ್ಮನಿಂದ ನಡೆಯುವವನು’. ಪ್ಸುಖಿಕೋಸ್ ಅಂದರೆ ಹುಟ್ಟಿನ ಜೀವವಷ್ಟೇ ಇರುವವನು. ಯೂದನ ಮಾತೂ ಹೀಗೆಯೇ. ಅವರಿಗೆ ಮನುಷ್ಯ ಆತ್ಮವೇ ಇರಲಿಲ್ಲ ಎಂದು ಓದಿದರೆ ತ್ರಿಭಾಗದವರಿಗೇ ತೊಂದರೆ, ಏಕೆಂದರೆ ಎಲ್ಲ ಮನುಷ್ಯರಿಗೂ ಮೂರು ಭಾಗ ಇದೆ ಎಂಬುದು ಅವರದೇ ವಾದ.

1 ಕೊರಿಂಥ 15:44 ಇದನ್ನು ಖಚಿತಪಡಿಸುತ್ತದೆ. ಬಿತ್ತುವುದು ಪ್ಸುಖಿಕೋನ್ ದೇಹ, ಏಳುವುದು ಪ್ನ್ಯೂಮತಿಕೋನ್ ದೇಹ. ಮೊದಲನೆಯದು ‘ಪ್ರಾಣದಿಂದ ಮಾಡಿದ ದೇಹ’ ಅಲ್ಲ, ನಮ್ಮ ಈಗಿನ ಮಾಂಸದ ದೇಹವೇ. ಹಾಗಿದ್ದ ಮೇಲೆ ಎರಡನೆಯದೂ ‘ಗಾಳಿಯಂಥ ವಸ್ತುವಿನಿಂದಾದ ದೇಹ’ ಅಲ್ಲ. ಎರಡೂ ಗುಣವಾಚಕಗಳು ಹೇಳುವುದು ದೇಹವನ್ನು ನಡೆಸುವ ಶಕ್ತಿ ಯಾವುದು ಎಂದು. ಮುಂದಿನ ವಚನದಲ್ಲೇ ಆದಿಕಾಂಡ 2:7 ಉಲ್ಲೇಖವಾಗಿದೆ: ಮೊದಲ ಆದಾಮ ಜೀವಂತ ಪ್ಸುಖೆ, ಕಡೆಯ ಆದಾಮ ಜೀವ ಕೊಡುವ ಪ್ನ್ಯೂಮ.

ಇನ್ನು ‘ಪ್ರಾಣಕ್ಕೆ ಭಾವನೆ, ಆತ್ಮಕ್ಕೆ ಆರಾಧನೆ’ ಎಂಬ ಕೆಲಸ ಹಂಚಿಕೆ ನಿಲ್ಲುತ್ತದೆಯೇ ನೋಡಿ. ಯೋಹಾನ 12:27ರಲ್ಲಿ ಯೇಸುವಿನ ಪ್ಸುಖೆ ಕಳವಳಗೊಂಡಿತು, ಒಂದೇ ಅಧ್ಯಾಯ ದಾಟಿ 13:21ರಲ್ಲಿ ಕಳವಳಗೊಂಡದ್ದು ಪ್ನ್ಯೂಮ. ಕ್ರಿಯಾಪದ ಎರಡೂ ಕಡೆ ಅದೇ. ಮಾರ್ಕ 8:12ರಲ್ಲಿ ನಿಟ್ಟುಸಿರು ಪ್ನ್ಯೂಮದಲ್ಲಿ, ಮತ್ತಾಯ 26:38ರಲ್ಲಿ ದುಃಖ ಪ್ಸುಖೆಯಲ್ಲಿ. ದೇವರಿಗಾಗಿ ಬಾಯಾರುವುದು ಕೀರ್ತನೆ 42ರಲ್ಲಿ ನೆಫೆಷ್. ಕಠಿಣವಾದದ್ದು ಧರ್ಮೋಪದೇಶಕಾಂಡ 2:30ರಲ್ಲಿ ಸೀಹೋನನ ರೂಅಖ್. ಯೆಶಾಯ 26:9 ಒಂದೇ ಉಸಿರಿಗೆ ರಾತ್ರಿ ನನ್ನ ನೆಫೆಷ್ ನಿನ್ನನ್ನು ಬಯಸಿತು, ನನ್ನ ರೂಅಖ್ ನಿನ್ನನ್ನು ಹುಡುಕಿತು ಎನ್ನುತ್ತದೆ. ಯೋಬ 7:11ರಲ್ಲೂ ಇದೇ ಜೋಡಿ, ಸಂಕಟದಲ್ಲಿ. ಹೀಬ್ರೂ ಕಾವ್ಯದ ಎರಡು ಸಾಲು ಒಂದೇ ಮಾತನ್ನು ಎರಡು ಪದದಲ್ಲಿ ಹೇಳುತ್ತದೆ. ಮರಿಯಳ ಸ್ತುತಿ, ಲೂಕ 1:46-47, ಅದೇ ಅಚ್ಚಿನದು. ‘ಆತ್ಮ ಮಲಿನವಾಗುವುದಿಲ್ಲ’ ಅನ್ನುವವರಿಗೆ 2 ಕೊರಿಂಥ 7:1 ಸಾಕು.

ಮೂರೆಳೆ

ಕೆಲಸ ಹಂಚಿಕೆಯ ಪಟ್ಟಿ ಸಡಿಲ ಎಂಬುದು ಸರಿ. ಆದರೆ ಇಬ್ರಿಯ 4:12 ‘ಪ್ರಾಣ ಆತ್ಮಗಳನ್ನು ವಿಭಾಗಿಸುವಷ್ಟು’ ಅನ್ನುತ್ತದೆ. ವಿಭಾಗಿಸಲು ಆಗಬೇಕಾದರೆ ಎರಡು ಇರಲೇಬೇಕಲ್ಲ? ಥೆಸಲೊನೀಕದಲ್ಲೂ ಪೌಲ ಮೂರು ಹೆಸರನ್ನು ‘ಮತ್ತು’ ಹಾಕಿ ಬಿಡಿಸಿ ಬರೆದಿದ್ದಾನೆ.

ಪದಕೋಶಿ

ಇಬ್ರಿಯದಲ್ಲಿ ಮುಂದಿನ ಜೋಡಿ ನೋಡಿ: ಕೀಲು ಮತ್ತು ಮಜ್ಜೆ. ಕೀಲು ಇರುವುದು ಎಲುಬುಗಳ ಸಂದಿಯಲ್ಲಿ, ಮಜ್ಜೆ ಇರುವುದು ಎಲುಬಿನ ಒಳಗೆ. ಒಂದಕ್ಕೊಂದು ಅಂಟಿಕೊಂಡಿಲ್ಲ, ಅವುಗಳ ನಡುವೆ ಕತ್ತಿ ಆಡಿಸಿ ಬೇರ್ಪಡಿಸುವುದು ಎಂಬುದಕ್ಕೆ ಅರ್ಥವಿಲ್ಲ. ಅಂದರೆ ಚಿತ್ರ ‘ಇದರಿಂದ ಅದನ್ನು ಬೇರ್ಪಡಿಸುವುದು’ ಅಲ್ಲ, ‘ಅತಿ ಒಳಗಿನದನ್ನೂ ಸೀಳಿ ತೆರೆಯುವುದು’. ವಚನದ ಕೊನೆಯಲ್ಲಿ ಬರುವ ಹೃದಯದ ಆಲೋಚನೆ ಮತ್ತು ಉದ್ದೇಶ ಎಂಬ ಮೂರನೇ ಜೋಡಿಯನ್ನು ಯಾರೂ ಎರಡು ಅಂಗ ಎಂದು ಎಣಿಸುವುದಿಲ್ಲ.

ಥೆಸಲೊನೀಕದಲ್ಲಿ ಮೂರು ನಾಮಪದಗಳಿದ್ದರೂ ಗ್ರೀಕಿನಲ್ಲಿ ಕ್ರಿಯಾಪದ ಏಕವಚನ. ಮೊದಲಿಗೆ ಬರುವ ‘ಸಂಪೂರ್ಣ’ ಎಂಬ ಅರ್ಥದ ಪದವೂ ಏಕವಚನ. ಪೌಲ ಪ್ರಾರ್ಥಿಸುತ್ತಿರುವುದು ಮನುಷ್ಯನ ಯಾವ ಮೂಲೆಯೂ ಬಿಟ್ಟುಹೋಗದಿರಲಿ ಎಂದು. ಇದನ್ನು ಅಂಗರಚನೆ ಎಂದು ಓದುವುದಾದರೆ ಮಾರ್ಕ 12:30ರ ಹೃದಯ, ಪ್ರಾಣ, ಬುದ್ಧಿ, ಶಕ್ತಿಯನ್ನೂ ಹಾಗೆಯೇ ಓದಬೇಕು. ಶರೀರ, ಆತ್ಮ ಸೇರಿಸಿದರೆ ಆರು ಭಾಗದ ಮನುಷ್ಯ ಸಿಗುತ್ತಾನೆ. ಧರ್ಮೋಪದೇಶಕಾಂಡ 6:5ರಲ್ಲಿ ಅದೇ ಆಜ್ಞೆಗೆ ಮೂರೇ ಪದ. ಪಟ್ಟಿಯ ಉದ್ದ ಬದಲಾಗಬಹುದು ಎಂಬುದೇ ಅದು ಪಟ್ಟಿ, ನಕ್ಷೆಯಲ್ಲ ಎಂಬುದಕ್ಕೆ ಸಾಕ್ಷಿ.

ಹಳೆಕಡತ

ಇತಿಹಾಸದ ಭಾಗ ನನಗೆ ಬಿಡಿ. ಪಶ್ಚಿಮ ಸಭೆ ತ್ರಿಭಾಗದಿಂದ ದೂರ ಸರಿದದ್ದಕ್ಕೆ ದೊಡ್ಡ ಕಾರಣ ಲವೊದಿಕೀಯದ ಅಪೊಲ್ಲಿನಾರಿಸ್, ನಾಲ್ಕನೇ ಶತಮಾನ. ಅವನ ಸಿದ್ಧಾಂತ: ಯೇಸುವಿಗೆ ಮಾನವ ಶರೀರ ಇತ್ತು, ಅದಕ್ಕೆ ಜೀವ ಕೊಡುವ ಪ್ರಾಣವೂ ಇತ್ತು, ಆದರೆ ಮೇಲಿನ ಭಾಗವಾದ ವಿವೇಕಾತ್ಮದ ಜಾಗದಲ್ಲಿ ದೇವರ ವಾಕ್ಯವೇ (ಲೋಗೊಸ್, ಅಂದರೆ ದೇವರ ಮಗ) ಕುಳಿತಿತ್ತು. ಮೂರು ಭಾಗದ ನಕ್ಷೆ ಕೈಯಲ್ಲಿದ್ದರೆ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸುವುದು ಸುಲಭ, ಅಲ್ಲೇ ಅಪಾಯ. ನಜಿಯಾನ್ಸಸ್‌ನ ಗ್ರೆಗೊರಿ, ಕ್ಲೆದೋನಿಯಸ್‌ಗೆ ಬರೆದ ಪತ್ರದಲ್ಲಿ ಕೊಟ್ಟ ಉತ್ತರ ಪ್ರಸಿದ್ಧ: ಯಾವುದನ್ನು ಕ್ರಿಸ್ತನು ಧರಿಸಲಿಲ್ಲವೋ ಅದು ಗುಣವಾಗಲಿಲ್ಲ. ಮನುಷ್ಯನ ಬುದ್ಧಿಯೇ ಪಾಪದಲ್ಲಿ ಬಿದ್ದಿರುವಾಗ ಅದನ್ನು ಬಿಟ್ಟು ಉಳಿದದ್ದನ್ನು ಧರಿಸಿದರೆ ರಕ್ಷಣೆ ಯಾರಿಗೆ? 381ರ ಕಾನ್‌ಸ್ಟಾಂಟಿನೋಪಲ್ ಸಭೆ (ಬಿಷಪರ ಮಹಾಸಭೆ) ಆ ಬೋಧನೆಯನ್ನು ಖಂಡಿಸಿತು. 451ರ ಕಾಲ್ಸಿದೋನ್ ಸಭೆ ಕ್ರಿಸ್ತನು ‘ವಿವೇಕವುಳ್ಳ ಪ್ರಾಣ ಮತ್ತು ಶರೀರ’ದಿಂದ ನಿಜ ಮನುಷ್ಯ ಎಂದು ಬರೆಯಿತು. ಎರಡೇ ಪದ, ಆದರೆ ‘ವಿವೇಕವುಳ್ಳ’ ಎಂಬುದನ್ನು ಬಿಡದೆ.

ಮುಂದೆ 869-870ರ ಕಾನ್‌ಸ್ಟಾಂಟಿನೋಪಲ್ ಸಭೆ, ಪಶ್ಚಿಮ ಎಂಟನೆಯ ಸಾರ್ವತ್ರಿಕ ಸಭೆ ಎಂದು ಎಣಿಸುವುದು, ಮನುಷ್ಯನಿಗೆ ಎರಡು ಪ್ರಾಣಗಳಿವೆ ಎಂಬ ಮಾತನ್ನು ತಳ್ಳಿಹಾಕಿತು. ಆರ್ಥೊಡಾಕ್ಸ್ ಸಭೆಗಳು ಆ ಸಭೆಯನ್ನು ಸಾರ್ವತ್ರಿಕ ಎಂದು ಒಪ್ಪುವುದಿಲ್ಲ. 1311-12ರ ವಿಯೆನ್ ಸಭೆ ವಿವೇಕಪ್ರಾಣವೇ ತಾನಾಗಿ ಶರೀರದ ರೂಪ ಎಂದು ಘೋಷಿಸಿತು. ಇಲ್ಲಿ ‘ರೂಪ’ ಅಂದರೆ ಆಕಾರವಲ್ಲ, ಅರಿಸ್ಟಾಟಲ್‌ನ ಅರ್ಥದಲ್ಲಿ ವಸ್ತುವನ್ನು ಅದು ಏನೋ ಅದಾಗಿಸುವ ತತ್ತ್ವ. ಥಾಮಸ್ ಅಕ್ವೈನಾಸ್ ಇದನ್ನೇ ಕಟ್ಟಿದ್ದ: ಗಿಡದ ಬೆಳೆಯುವ ಶಕ್ತಿ, ಪ್ರಾಣಿಯ ಸಂವೇದನೆ, ಮನುಷ್ಯನ ವಿವೇಕ, ಇವು ಮನುಷ್ಯನಲ್ಲಿ ಮೂರು ಪ್ರಾಣಗಳಾಗಿ ಇಲ್ಲ, ಒಂದೇ ಪ್ರಾಣ ಎಲ್ಲವನ್ನೂ ಮಾಡುತ್ತದೆ. ‘ನನ್ನ ಪ್ರಾಣವೇ ನಾನಲ್ಲ’ ಎಂದೂ ಅವನೇ ಬರೆದ. ಶರೀರವಿಲ್ಲದ ಪ್ರಾಣ ಪೂರ್ಣ ಮನುಷ್ಯನಲ್ಲ, ಅದಕ್ಕೇ ಪುನರುತ್ಥಾನ ಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ತ್ರಿಭಾಗ ಮತ್ತೆ ಮೇಲೆದ್ದಿತು. ಜರ್ಮನಿಯ ಡೆಲಿಟ್ಜ್ 1855ರಲ್ಲಿ ಬೈಬಲಿನ ಮನಶ್ಶಾಸ್ತ್ರದ ಬಗ್ಗೆ ಬರೆದ ಗ್ರಂಥ ಅದಕ್ಕೆ ಪಾಂಡಿತ್ಯದ ಬೆಂಬಲ ಕೊಟ್ಟಿತು. 1909ರ ಸ್ಕೋಫೀಲ್ಡ್ ಟಿಪ್ಪಣಿ ಬೈಬಲ್ ಅದನ್ನು ಸಾಮಾನ್ಯ ಓದುಗರ ಪುಟದಂಚಿಗೆ ತಂದಿತು.

ಉಪದೇಶಿ

ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಇದಕ್ಕೆ ನೇರ ಉತ್ತರವಿದೆ, 362ರಿಂದ 368ರ ಪರಿಚ್ಛೇದಗಳು. 366: ಪ್ರತಿಯೊಬ್ಬರ ಆತ್ಮಸ್ವರೂಪದ ಪ್ರಾಣವನ್ನು ದೇವರು ನೇರವಾಗಿ ಸೃಷ್ಟಿಸುತ್ತಾನೆ, ತಂದೆತಾಯಿ ‘ಉತ್ಪಾದಿಸುವುದಿಲ್ಲ’, ಅದು ಅಮರ. 367: ಪೌಲನು ಪ್ರಾಣ, ಆತ್ಮ ಎಂದು ಬೇರ್ಪಡಿಸಿದಾಗ ಅದು ಪ್ರಾಣದೊಳಗೆ ಇಬ್ಭಾಗವನ್ನು ತರುವುದಿಲ್ಲ. ‘ಆತ್ಮ’ ಎಂಬುದು ಮನುಷ್ಯ ಸೃಷ್ಟಿಯಿಂದಲೇ ತನ್ನ ಸ್ವಭಾವಕ್ಕೆ ಮೀರಿದ ಗುರಿಗೆ ಅಭಿಮುಖನಾಗಿದ್ದಾನೆ, ದೇವರ ಸಹವಾಸಕ್ಕೆ ಕೃಪೆಯಿಂದ ಎತ್ತಲ್ಪಡಬಲ್ಲ ಎಂಬುದನ್ನು ಸೂಚಿಸುತ್ತದೆ. ಕಲಿಸುವಾಗ ಈ ಸೂತ್ರ ಚೆನ್ನಾಗಿ ಒದಗುತ್ತದೆ: ಶರೀರಕ್ಕೆ ಜೀವ ಕೊಡುವ ಕಡೆಯಿಂದ ನೋಡಿದರೆ ಪ್ರಾಣ, ದೇವರ ಕಡೆ ತಿರುಗಬಲ್ಲದ್ದೆಂದು ನೋಡಿದರೆ ಆತ್ಮ.

ಪೂರ್ವದಾರಿ

ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಮೂರನೇ ಪದವಾಗಿ ಹೆಚ್ಚು ಕೇಳುವುದು ಪ್ನ್ಯೂಮ ಅಲ್ಲ, ನೂಸ್. ಇದನ್ನು ‘ಪ್ರಾಣದ ಕಣ್ಣು’ ಎನ್ನುತ್ತಾರೆ. ತರ್ಕ ಮಾಡುವ ಬುದ್ಧಿ ಬೇರೆ, ದೇವರನ್ನು ನೇರ ಕಾಣುವ ನೂಸ್ ಬೇರೆ. ತಪಸ್ಸು, ಎಡೆಬಿಡದ ಯೇಸುಪ್ರಾರ್ಥನೆ, ಉಪವಾಸ ಎಲ್ಲದರ ಉದ್ದೇಶ ಚದುರಿದ ನೂಸನ್ನು ಹೃದಯಕ್ಕೆ ಇಳಿಸುವುದು. ಹಾಗಂತ ಅದು ಪ್ರತ್ಯೇಕ ವಸ್ತುವಲ್ಲ, ಪ್ರಾಣದ್ದೇ ಅತಿ ಸೂಕ್ಷ್ಮ ಶಕ್ತಿ. ಮೇಲೆ ಹೇಳಿದ 1 ಕೊರಿಂಥ 14:14ರಲ್ಲಿ ‘ಬುದ್ಧಿ’ ಎಂದು ಇರುವುದು ಇದೇ ಪದ, ಅಲ್ಲಿ ಅದಕ್ಕೆ ‘ಅರ್ಥ ಗ್ರಹಿಸುವ ಮನಸ್ಸು’ ಎಂಬ ಸರಳ ಅರ್ಥ. ಆದಿಸಭೆಯ ಪಿತೃಗಳ ಪಾರಿಭಾಷಿಕ ಅರ್ಥವನ್ನು ಪೌಲನ ಎಲ್ಲ ವಾಕ್ಯಗಳಿಗೂ ತುರುಕಬಾರದು.

ಮಣ್ಣುಉಸಿರು

ಎರಡೋ ಮೂರೋ ಎಂದು ಜಗಳಾಡುವವರು ಒಂದೇ ಇರಬಹುದು ಎಂಬುದನ್ನೇ ಕೇಳುವುದಿಲ್ಲ. ಪದಕೋಶಿ ಮೊದಲ ಉತ್ತರದಲ್ಲೇ ಹೇಳಿದಂತೆ ಮಣ್ಣು + ಶ್ವಾಸ = ಜೀವಂತ ನೆಫೆಷ್. ಶ್ವಾಸ ತೆಗೆದರೆ ಉಳಿಯುವುದು ಮಣ್ಣು, ನೆಫೆಷ್ ಎಲ್ಲಿಗೂ ಹೋಗುವುದಿಲ್ಲ, ಇಲ್ಲವಾಗುತ್ತದೆ. ಯೆಹೆಜ್ಕೇಲ 18:4 ಪಾಪ ಮಾಡುವ ನೆಫೆಷೇ ಸಾಯುವುದು ಎನ್ನುತ್ತದೆ. ಪ್ರಸಂಗಿ 9:5: ಸತ್ತವರಿಗೆ ಏನೂ ತಿಳಿಯದು. 1 ತಿಮೊಥೆ 6:16ರಂತೆ ಅಮರತ್ವ ದೇವರೊಬ್ಬನಿಗೇ. ಸೆವೆಂತ್ ಡೇ ಅಡ್ವೆಂಟಿಸ್ಟರು ಹಿಡಿದಿರುವುದು ಈ ದಾರಿ. ಪುನರುತ್ಥಾನದ ತನಕ ಪ್ರಜ್ಞೆಯಿಲ್ಲದ ನಿದ್ರೆ. ಅಮರ ಪ್ರಾಣ ಎಂಬುದು ಪ್ಲೇಟೋನಿಂದ ಬಂದದ್ದು.

ಹಳೆಕಡತ

ಪ್ಲೇಟೋನ ಪ್ರಾಣ ಹುಟ್ಟಿಗೂ ಮೊದಲೇ ಇತ್ತು, ಶರೀರ ಅದಕ್ಕೆ ಸೆರೆಮನೆ. ಸಭೆ ಎರಡನ್ನೂ ತಿರಸ್ಕರಿಸಿತು. ಹುಟ್ಟಿಗೆ ಮೊದಲೇ ಪ್ರಾಣಗಳಿದ್ದವು ಎಂಬ, ಮೂರನೇ ಶತಮಾನದ ಬೋಧಕ ಓರಿಜನ್‌ನ ಹೆಸರಿಗೆ ಅಂಟಿದ ಬೋಧನೆಯನ್ನು ಚಕ್ರವರ್ತಿ ಜಸ್ಟಿನಿಯನ್ 543ರ ಶಾಸನದಲ್ಲೇ ಖಂಡಿಸಿದ. ಹಾಗಾಗಿ ‘ಎಲ್ಲ ಪ್ಲೇಟೋನದು’ ಅನ್ನುವುದು ಅರ್ಧ ಮಾತ್ರ ನಿಜ.

ವಚನಗಳ ಇನ್ನೊಂದು ಪಕ್ಕವನ್ನೂ ಇಡಬೇಕು. ಮತ್ತಾಯ 10:28ರಲ್ಲಿ ದೇಹವನ್ನು ಕೊಂದವರು ಪ್ಸುಖೆಯನ್ನು ಕೊಲ್ಲಲಾರರು. ದೇಹ ಸತ್ತ ಕ್ಷಣವೇ ಪ್ಸುಖೆ ಇಲ್ಲವಾಗುವುದಾದರೆ ಆ ವಾಕ್ಯ ನಿಲ್ಲದು. ಪೌಲ ಫಿಲಿಪ್ಪಿ 1:23ರಲ್ಲಿ ಹೊರಟು ಕ್ರಿಸ್ತನೊಡನೆ ಇರುವುದನ್ನು, 2 ಕೊರಿಂಥ 5:8ರಲ್ಲಿ ದೇಹವನ್ನು ಬಿಟ್ಟು ಕರ್ತನ ಬಳಿ ಇರುವುದನ್ನು ಬಯಸುತ್ತಾನೆ. ಲೂಕ 23:43ರಲ್ಲಿ ಅಲ್ಪವಿರಾಮವನ್ನು ‘ಇಂದು’ ಪದದ ಆಚೆಗೆ ಜರುಗಿಸುವ ಓದು ಒಂದಿದೆ: ‘ಇಂದು ನಿನಗೆ ಹೇಳುತ್ತೇನೆ, ನೀನು ಪರದೈಸಿನಲ್ಲಿರುವಿ’. ಹಳೆಯ ಹಸ್ತಪ್ರತಿಗಳಲ್ಲಿ ವಿರಾಮಚಿಹ್ನೆ ವಿರಳ, ಆದ್ದರಿಂದ ವಾದ ಸಾಧ್ಯ. ಆದರೆ ಮಾರ್ಕ 14:30ರಲ್ಲಿ ಅದೇ ‘ನಿನಗೆ ನಿಜವಾಗಿ ಹೇಳುತ್ತೇನೆ’ ಆದ ಮೇಲೆ ‘ಇಂದು’ ಬರುವಾಗ, ನಡುವೆ ಇರುವ ಸಂಯೋಜಕ ಪದದಿಂದ ‘ಇಂದು’ ಮುಂದಿನ ವಾಕ್ಯಕ್ಕೇ ಸೇರಿದ್ದು ಎಂಬುದು ಸ್ಪಷ್ಟ.

ಕ್ಯಾಲ್ವಿನ್‌ನ ಮೊದಲ ದೇವತಾಶಾಸ್ತ್ರ ಬರಹ, 1534ರಲ್ಲಿ ಬರೆದು 1542ರಲ್ಲಿ ಅಚ್ಚಾದದ್ದು, ಈ ನಿದ್ರಾವಾದದ ವಿರುದ್ಧವೇ. ಅದಕ್ಕೂ ಮೊದಲು 1336ರಲ್ಲಿ ಪೋಪ್ ಹನ್ನೆರಡನೇ ಬೆನೆಡಿಕ್ಟ್, ಶುದ್ಧರಾದವರ ಪ್ರಾಣಗಳು ಪುನರುತ್ಥಾನಕ್ಕೆ ಕಾಯದೆ ದೇವರ ದರ್ಶನ ಪಡೆಯುತ್ತವೆ ಎಂದು ವಿಧಿಸಿದ್ದರು. 1640ರ ದಶಕದ ವೆಸ್ಟ್‌ಮಿನ್ಸ್ಟರ್ ವಿಶ್ವಾಸಪ್ರಮಾಣ 32ನೇ ಅಧ್ಯಾಯದಲ್ಲಿ ಪ್ರಾಣಗಳು ಸಾಯುವುದೂ ಇಲ್ಲ, ನಿದ್ರಿಸುವುದೂ ಇಲ್ಲ ಎನ್ನುತ್ತದೆ.

ಕೇಳುಗ

ಸತ್ತಾಗ ಹೊರಡುವುದು ಯಾವುದು, ಪ್ರಾಣವೋ ಆತ್ಮವೋ? ಇದಾದರೂ ಖಚಿತವಾಗಿದೆಯೇ?

ಪದಕೋಶಿ

ಇದೇ ದ್ವಿಭಾಗದವರ ಅತ್ಯಂತ ಗಟ್ಟಿ ವಾದ, ಯಾರೂ ಸರಿಯಾಗಿ ಬಳಸುವುದಿಲ್ಲ. ಆದಿಕಾಂಡ 35:18ರಲ್ಲಿ ರಾಹೇಲಳ ನೆಫೆಷ್ ಹೊರಟಿತು. 1 ಅರಸುಗಳು 17:21-22ರಲ್ಲಿ ಚಾರೆಪ್ತದ ಹುಡುಗನಿಗೆ ನೆಫೆಷ್ ಮರಳಿತು. ಆದರೆ ಲೂಕ 8:55ರಲ್ಲಿ ಯಾಯೀರನ ಮಗಳಿಗೆ ಮರಳಿದ್ದು ಪ್ನ್ಯೂಮ. ಯೇಸು ಲೂಕ 23:46ರಲ್ಲಿ ಕೀರ್ತನೆ 31:5ರ ಮಾತಿನಲ್ಲಿ ಒಪ್ಪಿಸಿದ್ದು ಪ್ನ್ಯೂಮ. ಸ್ತೆಫನನೂ ಹಾಗೆಯೇ. ಯಾಕೋಬ 2:26ರಲ್ಲಿ ಪ್ನ್ಯೂಮವಿಲ್ಲದ ದೇಹ ಸತ್ತದ್ದು. ಆಮೇಲಿನ ಸ್ಥಿತಿಯಲ್ಲಿ ಇಬ್ರಿಯ 12:23ರಲ್ಲಿ ನೀತಿವಂತರ ಪ್ನ್ಯೂಮಗಳು, ಪ್ರಕಟನೆ 6:9ರಲ್ಲಿ ಯಜ್ಞವೇದಿಯ ಕೆಳಗೆ ರಕ್ತಸಾಕ್ಷಿಗಳ ಪ್ಸುಖೆಗಳು. ಪ್ರಾಣ ಹೊರಟ ಮೇಲೆ ಆತ್ಮ ಹೊರಟಿತು, ಅಥವಾ ಎರಡೂ ಬೇರೆ ಬೇರೆ ಕಡೆ ಹೋದವು ಎಂಬ ಒಂದು ವಚನವೂ ಇಲ್ಲ.

ಮೂರೆಳೆ

ಈ ಪಟ್ಟಿಯಿಂದ ಎರಡೂ ಬೇರ್ಪಡುವ ವಸ್ತುಗಳಲ್ಲ ಎಂದು ಸಾಧಿತವಾಗುತ್ತದೆ, ಅಷ್ಟೇ. ಹೆಚ್ಚಿನ ತ್ರಿಭಾಗದವರು ಬೇರ್ಪಡುತ್ತವೆ ಎಂದು ಹೇಳುವುದೂ ಇಲ್ಲ. ರೋಮಾಪುರ 8:16ರಲ್ಲಿ ಪವಿತ್ರಾತ್ಮನು ಸಾಕ್ಷಿ ಹೇಳುವುದು ‘ನಮ್ಮ ಆತ್ಮದೊಂದಿಗೆ’, ‘ನಮ್ಮ ಪ್ರಾಣದೊಂದಿಗೆ’ ಎಂದು ಎಲ್ಲೂ ಇಲ್ಲ. ಪದ ಆಯ್ಕೆಯಲ್ಲಿ ಒಲವು ಇದೆ. ಆ ಒಲವನ್ನು ಕಲಿಸಲೇಬೇಕು.

ಪದಕೋಶಿ

ಒಲವು ಇದೆ, ಒಪ್ಪಿದೆ. ಮನುಷ್ಯನ ಬದುಕು, ಅಗತ್ಯ, ತಾನು ಎಂಬ ಭಾರ ಇರುವಲ್ಲಿ ಪ್ಸುಖೆ ಹೆಚ್ಚು; ದೇವರಿಂದ ಬಂದದ್ದು, ದೇವರಿಗೆ ಮರಳುವುದು, ದೇವರೊಡನೆ ಸಂಬಂಧ ಇರುವಲ್ಲಿ ಪ್ನ್ಯೂಮ ಹೆಚ್ಚು. ‘ಹೆಚ್ಚು’ ಎಂಬುದನ್ನು ‘ಮಾತ್ರ’ ಎಂದು ಮಾಡಿದಾಗ ಕೆಡುತ್ತದೆ.

ರೋಮಾಪುರ 8ನ್ನೇ ಎತ್ತಿದ್ದರಿಂದ ಒಂದು ಸೂಕ್ಷ್ಮ. ಆರಂಭದ ಗ್ರೀಕ್ ಹಸ್ತಪ್ರತಿಗಳಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಭೇದವಿಲ್ಲ, ಪ್ನ್ಯೂಮ ದೇವರದೋ ಮನುಷ್ಯನದೋ ಎಂಬುದನ್ನು ಸಂದರ್ಭವೇ ಹೇಳಬೇಕು. ಕನ್ನಡದಲ್ಲಿ ಪ್ರತ್ಯಯವೇ ತೀರ್ಪು ಕೊಟ್ಟುಬಿಡುತ್ತದೆ: ‘ಆತ್ಮನು’ ಎಂದರೆ ಪವಿತ್ರಾತ್ಮ, ‘ಆತ್ಮವು’ ಎಂದರೆ ಮನುಷ್ಯನದು. ಓದುಗನಿಗೆ ಅನುಕೂಲ, ಆದರೆ ರೋಮಾಪುರ 8:10ರಂಥ ವಿವಾದಿತ ಕಡೆಗಳಲ್ಲಿ ಅದು ಅನುವಾದಕರ ತೀರ್ಮಾನ ಎಂಬುದು ನೆನಪಿರಲಿ. ಇದಲ್ಲದೆ ಕನ್ನಡ ಸತ್ಯವೇದ ನೆಫೆಷ್, ಪ್ಸುಖೆಗಳಿಗೆ ಪ್ರಾಣ, ಪ್ರಾಣಿ, ಜೀವ, ಮನ, ಆತ್ಮ ಎಲ್ಲವನ್ನೂ ಬಳಸುತ್ತದೆ. ಕೀರ್ತನೆ 103:1ರ ‘ನನ್ನ ಮನವೇ’ ನೆಫೆಷ್. ಮತ್ತಾಯ 10:28ರ ‘ಆತ್ಮ’ ಪ್ಸುಖೆ. ಕನ್ನಡ ಪಠ್ಯವನ್ನಷ್ಟೇ ಇಟ್ಟುಕೊಂಡು ಭೇದ ಕಟ್ಟಲು ಹೊರಟವರು ಇಲ್ಲೇ ಜಾರುತ್ತಾರೆ.

ಪರೀಕ್ಷಿಸುವ ಕ್ರಮ ಇದು. ಮೊದಲು ಸ್ಟ್ರಾಂಗ್ಸ್ ಸಂಖ್ಯೆ (ಬೈಬಲಿನ ಪ್ರತಿ ಮೂಲಪದಕ್ಕೂ ಪದಸೂಚಿಯಲ್ಲಿ ಕೊಟ್ಟ ಕ್ರಮಾಂಕ) ನೋಡಿ: ಹೀಬ್ರೂ 5315 ನೆಫೆಷ್, 7307 ರೂಅಖ್, 5397 ನೆಶಮಾ, ಗ್ರೀಕ್ 5590 ಪ್ಸುಖೆ, 4151 ಪ್ನ್ಯೂಮ, ಗುಣವಾಚಕಗಳು 5591 ಮತ್ತು 4152. ಆಮೇಲೆ ಪದದ ಜಾಗದಲ್ಲಿ ‘ನಾನು’, ‘ಅವನು’ ಎಂದು ಹಾಕಿ ಓದಿ. ವಾಕ್ಯ ಕೆಡದಿದ್ದರೆ ಅಲ್ಲಿ ಭಾಗದ ಮಾತಿಲ್ಲ, ಇಡೀ ವ್ಯಕ್ತಿಯ ಮಾತು. ಪ್ನ್ಯೂಮ ಆದರೆ ಯಾರದೆಂದು ಹಿಂದಿನ ಐದಾರು ವಚನಗಳಿಂದ ನಿರ್ಧರಿಸಿ. ಅದು ಗಾಳಿ, ದೇವದೂತ, ಅಶುದ್ಧಾತ್ಮ ಕೂಡ ಆಗಿರಬಹುದು. ಕಾವ್ಯವಾದರೆ ಪಕ್ಕದ ಸಾಲನ್ನು ಜೋಡಿಸಿ ಓದಿ. ಕೊನೆಗೆ, ಅದೇ ಕ್ರಿಯೆ ಇನ್ನೊಂದು ಪದದ ಜೊತೆ ಬೇರೆಲ್ಲಾದರೂ ಬಂದಿದೆಯೇ ಹುಡುಕಿ. ನಿಯಮ ಮಾಡಲು ಹೊರಟಿದ್ದರೆ ಈ ಹೆಜ್ಜೆ ತಪ್ಪಿಸಬೇಡಿ, ಹೆಚ್ಚಿನ ನಿಯಮಗಳು ಇಲ್ಲೇ ಮುರಿಯುತ್ತವೆ.

ಉಪದೇಶಿ

ಕನ್ನಡದ ವಿಷಯ ಬಂದದ್ದರಿಂದ: ‘ಆತ್ಮ’ ಎಂದ ಕೂಡಲೇ ಕೇಳುಗರ ಕಿವಿಯಲ್ಲಿ ವೇದಾಂತದ ಅರ್ಥ ಮೊದಲು ಮೊಳಗುತ್ತದೆ. ಅನಾದಿ, ಹುಟ್ಟಿಲ್ಲದ್ದು, ದೇಹದಿಂದ ದೇಹಕ್ಕೆ ಸಾಗುವುದು, ಕಡೆಗೆ ಪರಮಾತ್ಮನೇ. ಕ್ರೈಸ್ತ ನಂಬಿಕೆಯಲ್ಲಿ ಇವ್ಯಾವೂ ಇಲ್ಲ. ಆತ್ಮ ಸೃಷ್ಟಿಯಾದದ್ದು, ಅದಕ್ಕೆ ಆರಂಭವಿದೆ, ದೇವರ ತುಣುಕಲ್ಲ, ಇಬ್ರಿಯ 9:27ರಂತೆ ಒಮ್ಮೆ ಸಾವು, ಆಮೇಲೆ ನ್ಯಾಯತೀರ್ಪು. ‘ದೇವರು ತನ್ನ ಶ್ವಾಸ ಊದಿದ, ಆದ್ದರಿಂದ ನಮ್ಮೊಳಗೆ ದೇವರ ಅಂಶವಿದೆ’ ಎಂದು ಪ್ರಸಂಗಗಳಲ್ಲಿ ಹೇಳುವುದುಂಟು, ಭಾವಕ್ಕೆ ಸರಿ, ಸಿದ್ಧಾಂತಕ್ಕೆ ತಪ್ಪು.

ಪ್ರಾಣ ಪ್ರತಿ ಮಗುವಿಗೆ ಎಲ್ಲಿಂದ ಎಂಬ ಪ್ರಶ್ನೆಯಲ್ಲಿ ಸಭೆಗಳು ಒಮ್ಮತಕ್ಕೆ ಬಂದಿಲ್ಲ. ಕಥೋಲಿಕರೂ ಬಹುಪಾಲು ಸುಧಾರಿತ ಸಭೆಯವರೂ ನೇರ ಸೃಷ್ಟಿ ಎನ್ನುತ್ತಾರೆ. ಮೂರನೇ ಶತಮಾನದ ಆರಂಭದಲ್ಲಿ ತೆರ್ತುಲ್ಲಿಯನ್, ಮುಂದೆ ಅನೇಕ ಲೂಥರನರು ತಂದೆತಾಯಿಗಳಿಂದಲೇ ಹರಿದುಬರುತ್ತದೆ ಎಂದರು. ಅಗಸ್ಟಿನ್ ಕೊನೆಯ ತನಕ ನಿರ್ಧರಿಸಲಿಲ್ಲ.

ಕೇಳುಗ

ಕೊನೆಯದೊಂದು. ‘ಇದು ನಿನ್ನ ಪ್ರಾಣದ ಮಾತು, ಆತ್ಮದ್ದಲ್ಲ’ ಎಂದು ಒಬ್ಬರ ದುಃಖವನ್ನೋ ಪ್ರಶ್ನೆಯನ್ನೋ ತಳ್ಳಿಹಾಕುವುದು ಸಾಮಾನ್ಯ. ಇದಕ್ಕೆ ಏನನ್ನುತ್ತೀರಿ?

ಮೂರೆಳೆ

ತ್ರಿಭಾಗವನ್ನು ಹೀಗೆ ಬಳಸುವುದನ್ನು ನಾನೂ ವಿರೋಧಿಸುತ್ತೇನೆ. ಮನಸ್ಸು, ಭಾವನೆಗಳನ್ನು ಕೀಳು ಕೋಣೆಗೆ ತಳ್ಳಿ, ಅಂತರ್ಬೋಧೆಯನ್ನು ಮೇಲಕ್ಕೆ ಕೂರಿಸಿದರೆ ‘ನನ್ನ ಆತ್ಮಕ್ಕೆ ಅನ್ನಿಸಿತು’ ಎಂದವನನ್ನು ಯಾರೂ ಪ್ರಶ್ನಿಸಲಾಗದು. 1 ಯೋಹಾನ 4:1 ಆತ್ಮಗಳನ್ನು ಪರೀಕ್ಷಿಸಿ ಎನ್ನುತ್ತದೆ, 1 ಕೊರಿಂಥ 14:29 ಪ್ರವಾದಿಸಿದವರ ಮಾತನ್ನು ಉಳಿದವರು ವಿವೇಚಿಸಲಿ ಎನ್ನುತ್ತದೆ. ವಿವೇಚಿಸಬೇಕಾದ್ದು ಅದೇ ‘ಪ್ರಾಣದ’ ಮನಸ್ಸಿನಿಂದಲ್ಲವೇ?

ಪದಕೋಶಿ

ಖಿನ್ನತೆಗೆ ಒಳಗಾದವರ ವಿಷಯದಲ್ಲಿ ಇದು ಇನ್ನೂ ಅಪಾಯಕಾರಿ. ‘ಆತ್ಮದ ಸಮಸ್ಯೆ, ಔಷಧ ಬೇಡ, ಪ್ರಾರ್ಥನೆ ಸಾಕು’ ಎಂಬ ಸಲಹೆ ಮೂರು ಕೋಣೆಯ ನಕ್ಷೆಯಿಂದ ನೇರ ಬರುತ್ತದೆ. 1 ಅರಸುಗಳು 19ರಲ್ಲಿ ಎಲೀಯ ತನ್ನ ನೆಫೆಷನ್ನು ತೆಗೆದುಬಿಡು ಎಂದು ಬೇಡಿಕೊಂಡಾಗ ದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ಅದೂ ಎರಡು ಸಲ, ನಡುವೆ ನಿದ್ದೆ. ದೇವರು ಮಾತಾಡಿದ್ದು ಆಮೇಲೆ, ಹೋರೇಬಿನಲ್ಲಿ.